ಕೊಸರು

ಕುಮಾಸಿಯ ಸಂತೆಯಲ್ಲಿ ಬೆಳಗಿನ ಐದಕ್ಕೇ
ಟೊಮ್ಯಾಟೊ ಬಿರಿದ ಹುಳಿ ವಾಸನೆ.
ಮಗುಚಿದ ಪೆಟ್ಟಿಗೆಯ ಮೇಲೆ ನಾನು,
ಪಕ್ಕದಲ್ಲಿ ದೊಡ್ಡಮ್ಮ ಪೊಕುವಾ,
ಸೊಂಟದ ಗಂಟಿನಲ್ಲಿ ದುಡ್ಡು, ಹಲ್ಲಿನ ಸಂದಿಯಲ್ಲಿ ಕಡ್ಡಿ.

ಹದಿನಾರು ನನಗೆ. ಚೌಕಾಸಿ ಅಂದರೆ
ಗಂಟಲು ಅಂದುಕೊಂಡಿದ್ದೆ.
ಮೆಣಸು ಮಾರುವ ಸೆಕೀನಾಳ ಹಾಗೆ
ಎದೆ ಬಡಿದುಕೊಂಡು, ಆಕಾಶಕ್ಕೆ ಕೈಯೆತ್ತಿ,
'ಈ ಬೆಲೆಗೆ ಕೊಟ್ಟರೆ ನನ್ನ ಮಕ್ಕಳು ಮಣ್ಣು ತಿನ್ನಬೇಕು' ಅನ್ನುವುದು.
(ಅವಳ ಮಕ್ಕಳು ಆಗ ಬೋರ್ಡಿಂಗ್ ಶಾಲೆಯಲ್ಲಿ
ಕೋಳಿ ತಿನ್ನುತ್ತಿದ್ದರು.)

ಅವತ್ತು ಇದ್ರಿಸುವಿನ ಲಾರಿ ಹನ್ನೊಂದು ಗಂಟೆ ತಡ.
ತಳದ ಪೆಟ್ಟಿಗೆಗಳಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.
ಈಗ ಬೈಯುತ್ತಾಳೆ, ಕಲಿಯೋಣ ಅಂತ
ನೆಟ್ಟಗೆ ಕೂತೆ.
ಅವಳು ಕೇಳಿದ್ದು ಇಷ್ಟೇ: 'ಎಲ್ಲಿ ಕೆಟ್ಟಿತು?'

ಅವನು ಹೇಳುತ್ತ ಹೋದ: ಆಕ್ಸೆಲ್, ಕತ್ತಲು,
ದುಡ್ಡಿಗೆ ಟಾರ್ಚು ಬೀಸಿದ ಪೊಲೀಸು,
ಕ್ಲೀನರ್ ಹುಡುಗನ ಜ್ವರ.
ಅವಳು ನೀರು ಕೊಟ್ಟಳು, ಎಲೆಯಲ್ಲಿ ಸುತ್ತಿದ ಕೆಂಕೆ ಕೊಟ್ಟಳು,
ಹುಡುಗನಿಗೆ ತನ್ನ ನೆರಳು ಬಿಟ್ಟುಕೊಟ್ಟು ಬಿಸಿಲಿಗೆ ಸರಿದಳು.
ಆಮೇಲೆ ಅವನು ಬಾಯಿ ಒರೆಸಿಕೊಂಡು,
'ಪೆಟ್ಟಿಗೆಗೆ ಸಾವಿರದ ಆರುನೂರು ಸೆಡಿ' ಅಂದ.

ಅವಳು ಒಂದು ಹಣ್ಣು ಕೈಗೆತ್ತಿಕೊಂಡಳು.
ಒತ್ತಲಿಲ್ಲ, ಮೂಸಲಿಲ್ಲ, ಸುಮ್ಮನೆ ಹಿಡಿದಿದ್ದಳು,
ಬೇರೆಯವರ ಮಗುವನ್ನು ಹಿಡಿದ ಹಾಗೆ.
ಒಂದು ಗಾಡಿ ಹೋಯಿತು. ಇನ್ನೊಂದು ಹೋಯಿತು.
ತಲೆಹೊರೆಯ ಹುಡುಗಿಯರು 'ದಾರಿ, ದಾರಿ' ಎಂದು ಕೂಗುತ್ತ ಹೋದರು.
'ಸಾವಿರದ ಐನೂರು' ಅಂದ ಇದ್ರಿಸು,
ಯಾರೂ ಕೇಳದೆ.
ಆ ಮೌನದೊಳಗೆ ಅವನು ತಾನೇ ಮೆಟ್ಟಿಲಿಳಿದು ಬಂದ,
ಐನೂರು, ನಾನೂರು,
ಮುನ್ನೂರಕ್ಕೆ ನಿಂತು ನೆಲ ನೋಡಿದ.

ಇನ್ನೂರಕ್ಕೂ ಬರುತ್ತಿದ್ದ. ನನಗೇ ಗೊತ್ತಾಗಿತ್ತು.
ದೊಡ್ಡಮ್ಮ ಕಡ್ಡಿ ತೆಗೆದು
'ಮುನ್ನೂರೈವತ್ತು' ಅಂದಳು.

ಬೇಗುದಿ ತಡೆಯದೆ ರಾತ್ರಿ ಜಗಳ ತೆಗೆದೆ:
ಸೋತವನಿಗೆ ಐವತ್ತು ಯಾಕೆ ಕೊಟ್ಟೆ?
'ಅಳೆದ ಮೇಲೆ ಗಿರಾಕಿಗೆ ಎರಡು ಹಣ್ಣು ಹಾಕುತ್ತೀಯಲ್ಲ,
ಅದಕ್ಕೇನಂತೀಯ?'
ಕೊಸರು.
'ಲಾರಿಯವನೂ ಮನೆಗೆ ಹೋಗಿ
ಹೆಂಡತಿಗೆ ಏನೋ ಒಂದು ಹೇಳಬೇಕಲ್ಲವೇನೇ.'
ಇಷ್ಟು ಹೇಳಿ ಗೊರಕೆ ಹೊಡೆದಳು.

ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳಂತೆ.
ಸೆಕೀನಾ ಬದುಕಿದಳು, ಸುಳ್ಳೇಕೆ.
ಆದರೆ ಮಳೆ ತಪ್ಪಿ ಊರಿಗೆಲ್ಲ ಮೂರೇ ಲಾರಿ ಬಂದ ವರ್ಷ
ಒಂದು ನಮ್ಮ ಮುಂದೆ ಬಂದು ನಿಂತಿತು.

ಈಗ ಪೆಟ್ಟಿಗೆಯ ಮೇಲೆ ಕೂತು ವ್ಯಾಪಾರ ಮಾಡುವವಳು ನಾನು.
ಅವಳ ಎರಡೂ ಕಣ್ಣಿಗೆ ಹಾಲು ಕಟ್ಟಿದೆ.
ನೋಟುಗಳನ್ನು ಬೆರಳಿನಲ್ಲಿ ಓದುತ್ತಾಳೆ,
ಹಣ್ಣನ್ನು ಸದ್ದಿನಲ್ಲಿ.
ಆಪರೇಷನ್ ಅಂದರೆ ಮುಖ ತಿರುಗಿಸುತ್ತಾಳೆ.
ಡಾಕ್ಟರ ಚೀಟಿ ತಂದೆ. 'ಓದೋಕೆ ಕಣ್ಣಿಲ್ಲ' ಅಂದಳು.
ವಿಮೆಯ ಕಾರ್ಡು ತಂದೆ. 'ಫೋಟೋದಲ್ಲಿರೋಳು ಯಾರೋ ಮುದುಕಿ.'
ಗುಣವಾಗಿ ಬಂದ ಪಕ್ಕದ ಬೀದಿಯವಳನ್ನೇ ಕರೆತಂದೆ.
ಅವಳಿಗೆ ಅರ್ಧ ಪೆಟ್ಟಿಗೆ ಹಣ್ಣು ಮಾರಿ ಕಳಿಸಿದಳು.

ನಿನ್ನೆ ಸಂಜೆ ಅಂಗಡಿ ಮುಚ್ಚುವಾಗ
ಸಿದ್ಧ ಮಾಡಿಕೊಂಡ ಮಾತೆಲ್ಲ ನುಂಗಿ ಕೇಳಿದೆ:
'ದೊಡ್ಡಮ್ಮ, ಎಲ್ಲಿ ಕೆಟ್ಟಿತು?'

ಒಂದು ಗಾಡಿ ಹೋಯಿತು.
ಇನ್ನೊಂದು ಹೋಯಿತು.
'ನಿನ್ನಮ್ಮ ಒಳಗೆ ನಡೆದುಕೊಂಡೇ ಹೋದಳು' ಅಂದಳು,
'ಆ ಆಸ್ಪತ್ರೆಯ ಬಾಗಿಲಲ್ಲಿ
ಅವಳ ಚಪ್ಪಲಿ ಎತ್ತಿಕೊಂಡು ಬಂದವಳು ನಾನು.'

ಇಪ್ಪತ್ತು ವರ್ಷದಲ್ಲಿ ನನಗೆ ಇದು ಗೊತ್ತಿರಲಿಲ್ಲ.
ನಾನು ಏನೂ ಹೇಳಲಿಲ್ಲ. ಅದು ಉಪಾಯವಲ್ಲ,
ಹೇಳುವುದಕ್ಕೆ ಏನೂ ಇರಲಿಲ್ಲ.
ಬುಟ್ಟಿಯ ತಳದಲ್ಲುಳಿದ ಹಣ್ಣನ್ನು ಅವಳ ಕೈಗಿಟ್ಟೆ,
ಅವಳದನ್ನು ಒತ್ತದೆ ಹಿಡಿದುಕೊಂಡಳು.

'ಬೇರೆ ಆಸ್ಪತ್ರೆ' ಅಂದಳು ಕೊನೆಗೆ.
ಆಗಲಿ.
'ಚಪ್ಪಲಿ ನನ್ನ ಕಾಲಲ್ಲೇ ಇರಬೇಕು.'
ಕೇಳಿ ನೋಡುತ್ತೇನೆ.
'ಒಂದೇ ಕಣ್ಣು.'
ಬಾಯಿಗೆ ಬಂದ 'ಎರಡು' ಅನ್ನುವುದನ್ನು ಕಚ್ಚಿ ಹಿಡಿದೆ.

ಅವಳು ಮಬ್ಬು ಕಣ್ಣನ್ನು ನನ್ನ ಕಡೆಗೆ ತಿರುಗಿಸಿ,
ನಾನು ಕೂತಿರುವ ಜಾಗಕ್ಕಿಂತ ಒಂದು ಗೇಣು ಪಕ್ಕಕ್ಕೆ ನೋಡಿ
ನಕ್ಕಳು.
'ಇನ್ನೊಂದು, ಆಮೇಲೆ, ಕೊಸರು.'