ಬಿಳಿ ನೂಲಿನ ವೈರು

ಮೊದಲಽ ಹೇಳಿಬಿಟ್ಟೆ ಅಂಬಾದಾಸಗ, ಹೊಸ್ತಿಲು ದಾಟೂದ್ರಾಗ:
ನೋಡಪಾ, ಎಡ ಹಿಂದಿನ ಸದ್ದು ಸತ್ತದ.
ಸ್ಪೀಕರಿಂದಲ್ಲ, ರಿಸೀವರಿಂದಽ ದೋಷ,
ಬ್ಯಾರೆ ಸ್ಪೀಕರ್ ಹಚ್ಚಿ ನೋಡೀನಿ.
ಅದಕಽ ಎಂಟು ಸಾವಿರದ ಮಾಲು ಐದೂವರೆ.
ಬಿರಾಜದಾರ ಮುಚ್ಚಿಟ್ಟು ಮಾರಿದ ಅಂತ
ಅಶೋಕ ಚೌಕದಾಗ ನಾಳಿ ಯಾರೂ ಅನಬಾರದು.

ಹುಡುಗ ನಕ್ಕ. ಗಾಜುಲರ ಕೂಸು,
ಮನಿಯಾಗ ತೆಲುಗು, ಗಲ್ಲಿಯಾಗ ಮರಾಠಿ,
ನನ್ನ ಸಂಗಾಟ ಎರಡೂ ಕಲಸಿದ ಕನ್ನಡ.
ಟಾವೆಲ್ ಕಾರಖಾನಿಯೊಳಗ ಲೆಕ್ಕ ಬರೀತಾನ,
ಮದುವಿ ಗೊತ್ತಾಗೇದ, ಹೊಸ ಖೋಲಿಗೆ ಸದ್ದು ಬೇಕಂತ.

ಹನ್ನೊಂದು ಕಿಲೋದ ಕರೀ ಪೆಟಿಗಿ.
ಬೋನಸ್ ಬಂದ ವರ್ಷ ತಂದದ್ದು;
ಎತ್ತು ತಂದವರಂಗ ಮಹಾನಂದಾ
ಅದರ ಹಣಿಗೆ ಕುಂಕುಮ ಹಚ್ಚಿದ್ದಳು,
ವಾಲ್ಯೂಮ್ ಗುಂಡಿಯ ಸಂದಿಯೊಳಗ ಇನ್ನೂ ಒಂದು ಕೆಂಪು ಕಲಿ ಅದ.
ರಿಮೋಟಿನ ಬೆನ್ನಿಗೆ ರಬ್ಬರ್ ಬ್ಯಾಂಡು.
ಐದು ವೈರು, ಯಾವುದು ಎಲ್ಲಿಗಂತ ಗುರುತಿಗೆ
ಆಕಿ ಚಾದರದ ನೂಲು ಕಟ್ಟಿಟ್ಟಾಳ:
ಮುಂದ ಬಲಕ್ಕ ಕೆಂಪು, ಎಡಕ್ಕ ಹಸರು,
ನಡುವ ಅರಿಷಿಣ, ಹಿಂದ ಬಲಕ್ಕ ನೀಲಿ.
ಎಡ ಹಿಂದಿಂದು ಬಿಳಿ. ಬಣ್ಣ ತೀರಿತ್ತು ಆವತ್ತು.

ಎರಡು ವರ್ಷ ಸಿಟ್ಟಿಲೇ ಸಿನಿಮಾ ನೋಡೀನಿ.
ಹೆಲಿಕಾಪ್ಟರ್ ಬಲಕ್ಕ ಎದ್ದು, ನೆತ್ತಿ ದಾಟಿ,
ಎಡಕ್ಕ ಬರೂದ್ರಾಗ ಮಾಯ.
ಬಿದ್ದ ಸದ್ದೂ ಇಲ್ಲ.

ಟೆಸ್ಟ್ ಹಚ್ಚರಿ ಮಾಮಾ, ಅಂದ. ಹಚ್ಚಿದೆ.
ಹಸರಿನ ಮೂಲಿಯಿಂದ ಶ್‌ಶ್‌ಶ್,
ಕಾದ ಹಂಚಿಗೆ ನೀರು ಚಿಮಕಿಸಿದಂಗ.
ಆಮ್ಯಾಲ ನಡುವ. ಆಮ್ಯಾಲ ಕೆಂಪು.
ಆಮ್ಯಾಲ ನೀಲಿ, ಬೆನ್ನ ಹಿಂದ.
ಆಮ್ಯಾಲ ಏನಿಲ್ಲ.
ನೋಡಿದ್ಯಾ, ಅಂದೆ.
ಅವನ ಕಣ್ಣು ಎಡಕ್ಕ ಹೊರಳಿ
ಅಲಮಾರಿ ಮ್ಯಾಲ ನಿಂತಿದ್ದವು.
ಮಾಮಾ, ಬರಲಿಕತ್ತದಲ್ಲ.

ಸುಮ್ಮ ಇದ್ದಿದ್ದರ ಸುಮ್ಮ ಇರಬಹುದಿತ್ತು ಅಂವ.

ಸ್ಟೂಲ್ ಹತ್ತಿ ಕೈ ಹಚ್ಚಿದೆ.
ಸ್ಪೀಕರಿನ ಬಟ್ಟಿ ನಡಗತಿತ್ತು.
ಬಟ್ಟಿ ವಿಷಯದಾಗ ನನ್ನ ಬೊಟ್ಟು ಎಂದೂ ತಪ್ಪಿಲ್ಲ.
ಬಲಗಿವಿ ತಿರುಗಿಸಿ ಹಿಡಿದೆ: ಶ್‌ಶ್‌ಶ್.
ಎಡಗಿವಿ ಕೊಟ್ಟೆ:
ಗ್ವಾಡಿ.

ಇಪ್ಪತ್ತಾರು ವರ್ಷ ಅಕ್ಕಲಕೋಟ ರಸ್ತಾದ ಶೆಡ್ಡಿನಾಗ
ಎಡಕ್ಕ ಎರಡು ಮಗ್ಗ, ಬಲಕ್ಕ ಕಿಟಕಿ.
ಕಿವ್ಯಾಗ ತುರುಕಿಕೊಳ್ಳಲಿಕ್ಕೆ ಅರಳಿ ಕೊಟ್ಟಿದ್ದರು ಮಾಲಕರು,
ಸೆಖಿ ಅಂತ ತಗದು ಒಗದಿದ್ದೆ.

ವೈರು ಸಡಲಾಗಿತ್ತು ಕಾಣ್ತದ, ಅಂದೆ.
ಇರಬೇಕರಿ, ಅಂದ ನೆಲಾ ನೋಡಿ.
ಎಂಟು ಎಣಿಸಲಿಕ್ಕೆ ಕಿಸೆದಾಗ ಕೈ ಹಾಕಿದ.
ಐದೂವರೆ, ಅಂದೆ. ಆಡಿದ್ದು ಆಡಿದ್ದು.
ನೂಲು ಬಿಚ್ಚಬ್ಯಾಡ, ಹಂಗಽ ಒಯ್ಯಿ.
ಹಳೀ ಚಾದರದಾಗ ಸುತ್ತಿ, ಸ್ಕೂಟರಿಗೆ ಬಿಗದು ಒಯ್ದ.

ಮಹಾನಂದಾ ಚಹಾ ತಂದಳು,
ದಿವಾನದ ಬಲಕ್ಕ ಕೂತಳು.
ಎರಡು ವರ್ಷದಿಂದ ಬಲಕ್ಕಽ ಕೂಡತಾಳ.
ಬಜಾರಕ್ಕ ಹೊಂಟರೂ ನನ್ನ ಸುತ್ತಿ ಬಲಕ್ಕ ಬರತಾಳ;
ಗಾಡಿಗೋಳ ಕಡಿಗೆ ಯಾಕ ನಡೀತಿ, ಬುದ್ಧಿ ಇಲ್ಲ,
ಅಂತ ಎಷ್ಟು ಸಲ ಬೈದಿಲ್ಲ.
ಈಗ ನಾ ಕೇಳಲಿಲ್ಲ. ಆಕಿ ಹೇಳಲಿಲ್ಲ.
ಚಹಾಕ್ಕ ಸಕ್ರಿ ಕಮ್ಮಿ ಆಗಿತ್ತು.

ನಾಳಿ ನವೀ ಪೇಠಕ್ಕ ಹೋಗಬೇಕು.
ರಿಪೇರಿ ಅಂಗಡಿ ಲಾಡಸಾಬ,
ಏನೂ ಆಗಿಲ್ಲ ಬಿರಾಜದಾರ, ಪೆಟಿಗಿ ಚಲೋ ಅದ ಅಂತ
ರೊಕ್ಕಾನೂ ತಗೊಳ್ಳದಽ ತಿರುಗಿ ಕೊಟ್ಟಿದ್ದ.
ನಾಕು ಮಂದ್ಯಾಗ ಅವಗ ಕಳ್ಳ ಅಂದು ಬಂದಿದ್ದೆ.
ಹೋಗಿ ನಿಂದರಬೇಕು, ಕೌಂಟರಿಗೆ ಬಲಗಿವಿ ಕೊಟ್ಟು,
ಅಂವ ಏನೇನು ಬೈತಾನೋ
ಒಂದೂ ತಪ್ಪದಂಗ ಕೇಳಿಸಬೇಕು.