ಗನ್ನಿಗೆ ಎರಡು ಹನಿ

ಹುಮನಾಬಾದ್ ರಿಂಗ್ ರೋಡಿನ ಬಾಜೂಕ ನಮ್ಮ ಪತ್ರಾ ಶೆಡ್ಡು.
ಮೂರು ದಿನ ಆಯ್ತು, ಮೊಳಿ ಹೊಡಿಯೋ ಗನ್ನು
ಸುಂ ಅಂತ ಉಸಿರು ಬಿಡ್ಲಾಕತ್ತಿತ್ತು.
ಒಂದು ಮೊಳಿ ತಲಿತನಕ ಇಳಿದ್ರ
ಇನ್ನೊಂದು ಅರ್ಧಕ್ಕ ನಿಂತು ನಮ್ಮನ್ನೇ ನೋಡೋದು.
ಮೂರನೇದು ಬರೋದೇ ಇಲ್ಲ. ಬರೇ ಟಪ್.

ಗುಡುಸಾಬ್ ಉಸ್ತಾದರಿಗೆ ಆ ಸುಂ ಕೇಳಸೂದಿಲ್ಲ.
ಮೂವತ್ತು ವರ್ಷದ ಗರಗಸ, ರಂಧಾ ಮಶೀನು
ಎಡಗಿವಿ ಪೂರಾ ತಿಂದಾವ, ಬಲಗಿವಿ ಅರ್ಧ.
ಅವರು ಗನ್ನ ಮಾರಿ ಹತ್ರ ತಂದು
ನಿಧಾನಕ್ಕ ತಿರುಗಿಸಿದರು.
ಮೀಸಿ ಕೂದಲ ಅಲುಗಿದಲ್ಲಿ ಬೆರಳಿಟ್ಟರು:
"ಇಲ್ಲೇ ಅದ."
ಸಬಕಾರದ ನೀರು ಹಚ್ಚಿ ನೋಡಿದೆ.
ಅಲ್ಲೇ ಗುಳ್ಳಿ.

"ಮೊದಲ ಪೈಪ್ ಬಿಚ್ಚು.
ಸುಮ್ನ ಅದ ಅಂತ ಸತ್ತದ ಅಂದ್ಕೋಬ್ಯಾಡ."
ಎಡಗೈ ಹೆಬ್ಬೆಟ್ಟು ತೋರಿಸಿದರು.
ಉಗುರಿನ ಕೆಳಗ ಜ್ವಾಳದ ಕಾಳಿನಷ್ಟು ಬಿಳಿ ಕಲೆ,
ಆ ಕಥಿ ಕೇಳಲಿಲ್ಲ, ಹೇಳಲಿಲ್ಲ.

ನಾಕು ಬೋಲ್ಟು. ಟೊಪ್ಪಿಗಿ ತೆಗೆದರ
ಒಳಗೆಲ್ಲ ಹಳದಿ ಅಂಟು, ಬೆಲ್ಲದ ಪಾಕದಂಗ.
ರಿಂಗು ಉಬ್ಬಿ ಹರದದ.
ಉಸ್ತಾದರು ಮೂಸಿದರು. ಮತ್ತೊಮ್ಮೆ ಮೂಸಿದರು.
"ಅಂಬೂ, ಇದ್ಯಾವ ಎಣ್ಣಿ?"

ಮಶೀನ್ ಎಣ್ಣಿ ಖಾಲಿ ಆಗಿತ್ತು, ಹೊರಗ ಬಿಸಿಲು.
ಬುತ್ತಿ ಗಂಟಿನ್ಯಾಗ ಶೇಂಗಾ ಹಿಂಡಿ ಮ್ಯಾಲ ಸುರಕೊಳ್ಳಾಕ
ಅವ್ವ ಕಟ್ಟಿಕೊಟ್ಟ ಕುಸುಬಿ ಎಣ್ಣಿ ಬಾಟ್ಲಿ ಇತ್ತು.
ಎಣ್ಣಿ ಅಂದ್ರ ಎಣ್ಣಿನೇ ಅಲ್ಲೇನು ಅಂತ—
ಬಾಯಿ ಬಿಡಲಿಲ್ಲ ನಾ. ಬಿಡೋದೂ ಬೇಕಿರಲಿಲ್ಲ.
"ಪುಣ್ಯಾ," ಅಂದರು, "ರೊಟ್ಟಿ ಮುರದು ಹಾಕಿಲ್ಲ."

ಸೀಮೆಎಣ್ಣಿ ಬಟ್ಟಿಲೆ ಕಬ್ಬಿಣ ಅಷ್ಟೇ ಒರೆಸಿದೆ.
ಸ್ಟೇಷನ್ ಬಜಾರಿನಿಂದ ಹೊಸಾ ರಿಂಗು, ನೂರಾ ನಲವತ್ತು,
ಪಗಾರದಾಗ ಹಿಡೀತೀನಿ ಅಂದರು.
ಕೂಸಿನ ಕೈಯಾಗಿನ ಕರಿಬಳಿಯಂಗಿತ್ತು ಅದು.
ಉಗುರು ತಾಗಸದಂಗ ಕೂಡಿಸಿದೆ.
ಖರೇ ಮಶೀನ್ ಎಣ್ಣಿ ಎರಡು ಹನಿ.
"ಮೂರಲ್ಲ. ಪ್ರೀತಿ ಜಾಸ್ತಿ ಆದ್ರೂ ಕೆಡ್ತದ."

ಆಮ್ಯಾಲ ಟಾಕಿ ಬುಡದ ನಳ ತಿರುವಿದರು.
ಚಹಾ ಬಣ್ಣದ ನೀರು ಬಿತ್ತು, ಒಂದು ತಂಬಿಗಿ.
ಈ ಊರಿನ ಗಾಳಿಯೊಳಗ ಇಷ್ಟು ನೀರು
ಎಲ್ಲಿ ಮುಚ್ಚಿಟ್ಟುಕೊಂಡಿತ್ತು?

ಟಾಕಿ ತುಂಬೂದ್ರಾಗ ಕರೆಂಟ್ ಹೋಯ್ತು.
ಮುಳ್ಳು ತೊಂಬತ್ತರ ಮ್ಯಾಲ.
ಚಿಂಚೋಳಿಯವರ ದಿವಾನಕ್ಕ ಇನ್ನೂ ಹನ್ನೊಂದು ಮೊಳಿ ಬಾಕಿ.
"ಇರೋ ಗಾಳಿಲೇ ಹೊಡದುಬಿಡ್ಲಿ?"
"ಬ್ಯಾಡ. ಮೊಳಿ ತೆಗಿ, ಪೈಪ್ ಹಚ್ಚಿಡು.
ರಾತ್ರಿಯೆಲ್ಲಾ ಉಸಿರು ಹಿಡೀತದೋ ಇಲ್ಲೋ ನೋಡಮ್ಮ."

ಮುಂಜಾನಿ ಶಟರ್ ಎತ್ತಿದಾಗ
ಮುಳ್ಳು ಎಂಬತ್ತೆಂಟು.
ಉಸ್ತಾದರು ನನ್ನ ಕಡೆ ನೋಡಿದರು.
ನಾ ಗನ್ನಿಗೆ ಕಿವಿ ಹಚ್ಚಿದೆ.
ರೋಡಿನ ಲಾರಿ, ಯಾರದೋ ಹ್ಯಾಂಡ್‌ಪಂಪು,
ಎರಡರ ನಡುವ ಏನೂ ಇಲ್ಲ.
ಕೈ ಅಲ್ಲಾಡಿಸಿ ಇಲ್ಲ ಅಂದೆ.
ಆ ಏನೂ ಇಲ್ಲದ್ದು
ಅವರಿಗೆ ದಿನಾ ಕೇಳಸ್ತದ, ನನಗ ಅವತ್ತೇ.

ಮಧ್ಯಾಹ್ನ ಬುತ್ತಿ ಬಿಚ್ಚಿದೆ.
ಹಿಂಡಿ ನಡುವ ಬೆರಳಿಲೆ ಕುಣಿ ಮಾಡಿ
ತಮ್ಮ ತಾಟು ಮುಂದ ಸರಿಸಿದರು:
"ಆ ಎಣ್ಣಿ ಇಲ್ಲಿ ಹಾಕು.
ಎರಡೇ ಹನಿ ಅಲ್ಲ ಮತ್ತ."