ಬೆಳಕು ಹಿಂದಿರಬೇಕು

ಹತ್ತು ತಲೆಯವನನ್ನು ಈ ಸಲ ಹೊಳೆಗೆ ಬಿಡಬೇಕು
ಅಂದಳು ದೊಡ್ಡವ್ವ, ಮುದ್ದೆಗೆ ಎಸರಿಡುತ್ತ,
ಮನೆಯ ಮುದುಕನೊಬ್ಬನ ಮಾತಾಡುವ ಹಾಗೆ.
ಎಡಗಡೆಯ ಮೂರು ತಲೆ ಇಲಿಯ ಪಾಲು.
ಮೊಣಕೈ ಹೊಲಿದಲ್ಲೇ ಹರಿದು
ತೊಗಲು ಹಪ್ಪಳವಾಗಿದೆ.
ಇಂಥ ಮೈಯನ್ನು ಆಡಿಸಬಾರದು,
ಒಲೆಗೆ ಹಾಕಬಾರದು, ಮಾರಬಾರದು.
ಎಳ್ಳು, ಅಕ್ಕಿ, ಒಂದು ಕಾಸು ಜೊತೆಗಿಟ್ಟು
ಹೊಳೆಗೇ ಕೊಡಬೇಕು.

ನಾನು ಗಂಟು ಬಿಚ್ಚಿದೆ.
ನಮ್ಮ ಗಂಟಿಗೊಂದು ಕಟ್ಟಳೆ ಉಂಟು:
ಸೊಂಡಿಲಿನವನು ಮೇಲೆ, ಅವನ ಕೆಳಗೆ ಬಿಲ್ಲಿನವರು,
ನಡುವೆ ಕಂಬಳಿ ತುಂಡು, ಆಮೇಲೆ ಕೋರೆಹಲ್ಲಿನವರು,
ತಳದಲ್ಲಿ ಜಿಂಕೆ, ಕುದುರೆ, ಒಂದು ಬಾಳೆಗಿಡ.
ಕಂಬಳಿ ಮರೆತರೆ ರಾತ್ರಿಯೆಲ್ಲ ಪೆಟ್ಟಿಗೆಯೊಳಗೆ
ಕಟಕಟ ಸದ್ದು ಅನ್ನುತ್ತಾಳೆ ದೊಡ್ಡವ್ವ.
ಇಲಿ ಅನ್ನುತ್ತೇನೆ ನಾನು.
ಇಬ್ಬರ ಮಾತೂ ಸರಿ ಇರಬಹುದು.

ದೊಡ್ಡವ್ವನ ಮಾವ ದುಂಡಯ್ಯ ಕೊರೆದ ಗೊಂಬೆ ಇದು,
ನಾಗಮಂಗಲದ ಆಚೆ ಯಾರದೋ ಕಣದಲ್ಲಿ ಕೂತು,
ಆಡಿನ ತೊಗಲು ನೆನೆಹಾಕಿ, ಕೂದಲು ಹೆರೆದು,
ಕಾಡಿಗೆಯ ಕಪ್ಪು, ಅರಗಿನ ಕೆಂಪು ತುಂಬಿ.
ಕಣ್ಣು ಮಾತ್ರ ಕೊನೆಗೆ.
ಕಣ್ಣು ಕೊರೆಯುವ ದಿನ ಅವನು ಉಣ್ಣಲಿಲ್ಲವಂತೆ.
ಪಕ್ಕದಲ್ಲಿ ತೊಗಲು ಬಿಗಿಹಿಡಿದು ಕೂತ ಹೆಂಡತಿಗೆ
ಉಸಿರು ಕಟ್ಟು ಅಂದನಂತೆ, ಹತ್ತು ಸಲ.

ಮಳೆ ಹೋದ ವರ್ಷ, ದನಕ್ಕೆ ಕಾಯಿಲೆ ಬಂದ ವರ್ಷ
ಊರವರು ಎಲೆ ಅಡಿಕೆ ಹಿಡಿದು ಬರುತ್ತಿದ್ದರು.
ಕತ್ತೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕೂಸು.
ನಾಲ್ಕು ಗಳ, ಮೂರು ಕಂಬಳಿ, ಮಡಿವಾಳರ ಮನೆಯ ಪಂಚೆ,
ಹರಳೆಣ್ಣೆ ದೀಪ. ಅಷ್ಟೇ ಅರಮನೆ.
ಮೊದಲು ಕೋಡಂಗಿ ಬಂದು ಹೊಟ್ಟೆ ಕುಣಿಸಿ
ಪಟೇಲರ ಮೀಸೆಯಿಂದ ಪೂಜಾರಿಯ ತಟ್ಟೆಯ ತನಕ
ಒಬ್ಬರನ್ನೂ ಬಿಡದೆ ಬೈಯುವನು.
ಬೈಸಿಕೊಂಡವರೇ ಬೆಳಿಗ್ಗೆ ರಾಗಿ ಅಳೆಯುವರು.
ಬೈದದ್ದು ತೊಗಲು ಕಣಪ್ಪ, ನಾವಲ್ಲ.

ದೊಡ್ಡವ್ವ ಗಂಡಸರ ಮೊಣಕೈಗಳ ನಡುವೆ ಕೂತು
ಕಂಚಿನ ತಟ್ಟೆಗೆ ಮೇಣದಲ್ಲಿ ನಿಲ್ಲಿಸಿದ ಕಡ್ಡಿಯನ್ನು
ಎರಡು ಬೆರಳಲ್ಲಿ ತೀಡುತ್ತಿದ್ದಳು,
ಜುಂಯ್ ಅಂತ, ಕೋಳಿ ಕೂಗುವ ತನಕ.
ಹತ್ತು ತಲೆಯವನ ಹೆಂಡತಿಗೆ ಅವಳದೇ ಗಂಟಲು.
ನಲವತ್ತು ವರ್ಷ ಬೇಡಿಕೊಂಡಳು:
ಬ್ಯಾಡ, ದಂಡಿಗೆ ಹೋಗಬ್ಯಾಡ, ಬುಟ್ಟುಬುಡು.
ನಲವತ್ತು ವರ್ಷ ಅವನು ಕೇಳಲಿಲ್ಲ.
ಪಂಚೆಯ ಮುಂದೆ ಕೂತು ಅತ್ತವರು ಯಾರೂ
ಅವಳ ಮುಖ ನೋಡಿದವರಲ್ಲ.

ಆ ಹೆಂಡತಿ ಗೊಂಬೆಯನ್ನು
ಚಿಕ್ಕಪ್ಪ ಈರಬೊಮ್ಮ ಒಂದು ಆಷಾಢದಲ್ಲಿ ಮಾರಿ ಬಂದ.
ಎಷ್ಟಕ್ಕೆ ಅಂತ ಯಾರೂ ಕೇಳಲಿಲ್ಲ.
ಹೋದ ವರ್ಷ ಮೈಸೂರಿನಲ್ಲಿ
ದೊಡ್ಡವ್ವನ ಕಣ್ಣಿನ ಪೊರೆ ತೆಗೆಸಿ ಬರುವಾಗ
ನಜರಬಾದಿನ ಒಂದು ಹೋಟೆಲಿಗೆ ಕಾಫಿಗೆ ಹೋದೆವು.
ಗಾಜಿನೊಳಗೆ ನಿಂತಿದ್ದಳು.
ಮೇಲಿನಿಂದ ಪುಟ್ಟ ದೀಪ, ಮುಖಕ್ಕೇ ಹೊಡೆದಂತೆ,
ಬೆನ್ನು ಗೋಡೆಗೆ ಅಂಟಿ.
ದೊಡ್ಡವ್ವ ಪಟ್ಟಿಯಿಲ್ಲದ ಕಣ್ಣಲ್ಲಿ ನೋಡಿದಳು.
ಹೆಣ ಕೂರಿಸ್ದಂಗೆ ಕೂರಿಸವ್ರೆ, ಅಂದಳು.
ಬೆಳಕು ಹಿಂದಿರಬೇಕು ಕಣವ್ವ.
ಅಜ್ಜಿ, ಮುಟ್ಟಬೇಡಿ, ಅಂದ ಮೇಜು ಒರೆಸುವ ಹುಡುಗ.
ಕಾಫಿ ಮುಗಿಸಿದಳು. ಬಸ್ಸಿನಲ್ಲಿ ಮಾತಿಲ್ಲ,
ಶ್ರೀರಂಗಪಟ್ಟಣ ದಾಟುವವರೆಗೆ.

ಇವತ್ತು ಲೋಕಪಾವನಿಯ ದಡ.
ನೀರು ಮೊಣಕಾಲುದ್ದ.
ಬಿಡುವ ಮೊದಲು ಅವಳು
ಅವನನ್ನು ಹುಟ್ಟುವ ಸೂರ್ಯನಿಗೆ ಹಿಡಿದಳು.
ಅರಗಿನ ಕೆಂಪು ಅವಳ ಬಿಳಿ ಸೀರೆಯ ಮೇಲೆ ಚೆಲ್ಲಿತು:
ಏಳು ತಲೆ, ಮೂರು ತೂತು.
ತೂತುಗಳಲ್ಲೇ ಬೆಳಕು ಜಾಸ್ತಿ.
ಅವಳ ಗಂಟಲು ತಾನಾಗಿ ಹೆಂಡತಿಯದಾಯಿತು.
ಹೋಗು, ಅಂದಳು. ಈಗ ಹೋಗು.

ಹತ್ತು ಮಾರು ಹೋಗಿ
ಬಟ್ಟೆ ಒಗೆಯುವ ಕಲ್ಲಿಗೆ ಸಿಕ್ಕಿಕೊಂಡ.
ಕೈ ಒಂದು ಮೇಲೆದ್ದು ಅಲ್ಲೇ ಕುಣಿಯುತ್ತಿತ್ತು.
ನಾನು ಕೋಲು ಹುಡುಕಿದೆ.
ದೊಡ್ಡವ್ವ ಸೀರೆ ಹಿಂಡುತ್ತ ನಕ್ಕಳು,
ನಾನು ಯಾವತ್ತೂ ಕೇಳದ ನಗು:
ನೋಡ್ದಾ, ಯಾವತ್ತು ನನ್ ಮಾತು ಕೇಳವ್ನೆ?